ಕಾಯಿ ಕಡಿಯುವ ಸ್ನೇಹ

ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಗೆಳತಿಯ ಕಾಯನ್ನು ಮೊದಲಿನ ಮನೆಗೆ ಅಟ್ಟದೆ ನಮಗೆ ದಾರಿಯೇ ಇಲ್ಲ. ಹಾಗಾದರೆ ‘ಗೆಲುವು ಮುಖ್ಯವಲ್ಲ’ ಎನ್ನುವ ಮಾತು ಸುಳ್ಳೇ?

ಕನಿಕರಪಟ್ಟು ಕಡಿಯದೆ ಬಿಟ್ಟು ನೋಡಿ: ಅವಳಿಗೆ ತಕ್ಷಣ ಗೊತ್ತಾಗುತ್ತದೆ, ಆಟ ಸಪ್ಪೆಯಾಗುತ್ತದೆ. ಬಿಟ್ಟುಕೊಟ್ಟ ಗೆಲುವು ಭಿಕ್ಷೆ. ಬೇಕಿಲ್ಲದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಹೆಣಗುವುದೇ ಆಟ ಎಂದು ತತ್ತ್ವಜ್ಞ ಬರ್ನಾರ್ಡ್ ಸೂಟ್ಸ್ 1978ರಲ್ಲಿ ವಿವರಿಸಿದರು. ಆ ಅಡ್ಡಿ ನನಗೆ ಸಿಗುವುದು ಗೆಳತಿ ಮನಸಾರೆ ಆಡಿದಾಗ ಮಾತ್ರ.

ಆದ್ದರಿಂದ ಆಡುವಷ್ಟು ಹೊತ್ತು ಗೆಲ್ಲಲೆಂದೇ ಆಡಬೇಕು. ಆಡಲು ಕೂತದ್ದು ಮಾತ್ರ ಜೊತೆಗಾಗಿ. ಸೋತವಳು ‘ಇನ್ನೊಂದಾಟ?’ ಎಂದರೆ ಇಬ್ಬರೂ ಆಡಿದ್ದೇವೆ. ಅವಳು ಎದ್ದು ಹೋದರೆ, ಗೆದ್ದವಳ ಕೈಯಲ್ಲಿ ಉಳಿಯುವುದು ನಾಲ್ಕು ಕವಡೆ.