ಊಟ ಬಲ್ಲವನು ಯಾರು?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಊಟವನ್ನು ಬಲ್ಲವನು ಯಾರು? ಜೋಳದ ರೊಟ್ಟಿ, ಪುಂಡಿಪಲ್ಯಗಳನ್ನುಂಡು ಬಾಳಿದ ನಮ್ಮ ಅಕ್ಕಲಕೋಟೆ, ಜತ್ತ ಸೀಮೆಯ ಹಿರಿಯನೋ, ರಕ್ತವನ್ನು ಪರೀಕ್ಷಿಸಿ ಪಥ್ಯದ ಚೀಟಿ ಬರೆದುಕೊಡುವ ವೈದ್ಯನೋ? ಮಧುಮೇಹವು ಊರೂರುಗಳನ್ನು ಹೊಕ್ಕಿರುವ ಈ ಕಾಲದಲ್ಲಿ, ಯಾರ ಮಾತನ್ನು ಪ್ರಮಾಣವೆಂದು ಸ್ವೀಕರಿಸಬೇಕೆಂಬುದು ಧರ್ಮದ ಪ್ರಶ್ನೆಯೂ ಆಗಿದೆ.

ಹಿರಿಯರ ಪಕ್ಷಕ್ಕೆ ಬಲವಾದ ಸಾಕ್ಷ್ಯವೊಂದು ದೂರದ ಆಸ್ಟ್ರೇಲಿಯದಿಂದ ದೊರೆಯುತ್ತದೆ. ಅಲ್ಲಿಯ ಮೂಲನಿವಾಸಿಗಳಲ್ಲಿ ಅನೇಕರು ಬೇಟೆಯ ಬದುಕನ್ನು ಬಿಟ್ಟು ಮೈದಾ, ಸಕ್ಕರೆಗಳ ಆಹಾರಕ್ಕೆ ಒಗ್ಗಿದ ಮೇಲೆ ಮಧುಮೇಹಕ್ಕೆ ತುತ್ತಾದರು. 1982ರಲ್ಲಿ ಕೆರಿನ್ ಓಡೀ ಎಂಬ ವಿಜ್ಞಾನಿಯು ಅಂತಹ 10 ಮಂದಿ ರೋಗಿಗಳನ್ನು ಕಿಂಬರ್ಲಿ ಪ್ರಾಂತದ ಅವರ ಪೂರ್ವಜರ ನೆಲದಲ್ಲಿ ಪರೀಕ್ಷಿಸಿದರು. 7 ವಾರ ಅವರು ಕಾಂಗರೂ ಮಾಂಸ, ಮೀನು, ಗೆಡ್ಡೆಗೆಣಸುಗಳನ್ನು ತಾವೇ ಅರಸಿ ತಂದು ಉಂಡರು. ಸರಾಸರಿ 8 ಕಿಲೋ ತೂಕವಿಳಿಯಿತು. ಬರಿಹೊಟ್ಟೆಯ ರಕ್ತದ ಸಕ್ಕರೆ ಸುಮಾರು 210ರಿಂದ 120 ಮಿಲಿಗ್ರಾಮಿಗೆ ತಗ್ಗಿತು.

ಇದನ್ನು ಓದಿದವರು ‘ಅಜ್ಜನ ಊಟವೇ ಔಷಧ’ವೆಂದು ಹಿಗ್ಗುವುದು ಸಹಜ. ಆದರೆ ಅವರ ಆಹಾರವನ್ನು ಅಳೆದ ದಿನಗಳಲ್ಲಿ ತಲೆಗೆ ಸುಮಾರು 1,200 ಕ್ಯಾಲೊರಿ ಮಾತ್ರ ದೊರೆತಿತ್ತು. ಅಷ್ಟಕ್ಕಾಗಿ ಅವರು ಅಲೆದದ್ದು ಬಹಳ. ಜೋಳದಲ್ಲಿಯೂ ಪಿಷ್ಟವುಂಟು. ಕಳೆ ಕೀಳುವವಳ, ರಂಟೆ ಹೊಡೆಯುವವನ ಮೈಯಲ್ಲಿ ಅದು ದುಡಿಮೆಯಾಗಿ ವೆಚ್ಚವಾಗುತ್ತಿತ್ತು. ಕುರ್ಚಿಯಲ್ಲಿ ಕುಳಿತು ಪಾಠ ಹೇಳುವ ನಾವು ರೊಟ್ಟಿಯನ್ನಷ್ಟೇ ಉಳಿಸಿಕೊಂಡು ರಂಟೆಯನ್ನು ಮರೆತರೆ, ಹಿರಿಯರ ಆಸ್ತಿಯಲ್ಲಿ ಅರ್ಧವನ್ನು ಮಾತ್ರ ಪಡೆದಂತಾಯಿತು.

ಹಿರಿಯರ ಕಾಲವು ಎಲ್ಲರಿಗೂ ಆರೋಗ್ಯದ ಕಾಲವಾಗಿರಲಿಲ್ಲವೆಂಬುದನ್ನೂ ನೆನೆಯಬೇಕು. ಚರಕ, ಸುಶ್ರುತರ ಸಂಹಿತೆಗಳಲ್ಲಿಯೇ ಮಧುಮೇಹದ ವರ್ಣನೆಯಿದೆ. ದೇಹದಲ್ಲಿ ಇನ್ಸುಲಿನ್ ಹುಟ್ಟದ ಮಗುವನ್ನು, 1922ರಲ್ಲಿ ಆ ಔಷಧವು ಬಳಕೆಗೆ ಬರುವ ತನಕ, ಯಾವ ಪಥ್ಯವೂ ಬಹುಕಾಲ ಉಳಿಸುತ್ತಿರಲಿಲ್ಲ. ಇಂದು ಸಂಪ್ರದಾಯದ ಹೆಸರಿನಲ್ಲಿ ಅಂತಹ ಮಗುವಿನ ಸೂಜಿಯನ್ನು ನಿಲ್ಲಿಸುವವರು ಹಿರಿಯರನ್ನು ಗೌರವಿಸುವುದಿಲ್ಲ. ಎಳೆಯ ಜೀವವನ್ನು ಬಲಿಗೊಡುತ್ತಾರೆ.

ಹಾಗೆಂದು ವೈದ್ಯರ ಚೀಟಿಯೂ ಎಂದೆಂದಿಗೂ ಬದಲಾಗದ ಶಾಸನವಲ್ಲ. ಇನ್ಸುಲಿನ್ ಬರುವ ಮೊದಲು ಅವರು ರೋಗಿಗಳನ್ನು ಉಪವಾಸವಿರಿಸಿದರು. ಮುಂದೆ ಕೆಲವು ದಶಕ ಕೊಬ್ಬನ್ನು ತಗ್ಗಿಸಿ ಧಾನ್ಯವನ್ನು ಹೆಚ್ಚಿಸಿರೆಂದರು. 2019ರಲ್ಲಿ ಅಮೆರಿಕದ ಮಧುಮೇಹ ಸಂಘವು, ಎಲ್ಲ ರೋಗಿಗಳಿಗೂ ಒಪ್ಪುವ ಒಂದೇ ಅಳತೆಯಿಲ್ಲವೆಂದು ಸಾರಿತು. ತಿದ್ದಿಕೊಳ್ಳುವುದು ವಿದ್ಯೆಗೆ ಭೂಷಣ. ಆದರೆ ರೋಗಿಯ ಮನೆಯ ತಾಟಿನಲ್ಲಿ ಏನಿದೆಯೆಂದು ಕೇಳದೆ ಅಚ್ಚುಹಾಕಿದ ಚೀಟಿ ನೀಡುವ ವೈದ್ಯನೂ ಊಟವನ್ನು ಅರ್ಧವೇ ಬಲ್ಲವನು.

ಆದುದರಿಂದ ಹಿರಿಯನನ್ನೂ ವೈದ್ಯನನ್ನೂ ಸಾಕ್ಷಿಗಳೆಂದು ಬಗೆಯೋಣ. ಇಬ್ಬರ ಮಾತನ್ನೂ ರೋಗಿಯ ಮೈಯಲ್ಲಿ, ಅವನ ರಕ್ತಪರೀಕ್ಷೆಯಲ್ಲಿ ಒರೆಗೆ ಹಚ್ಚಬೇಕು; ಔಷಧವನ್ನು ತಾನಾಗಿ ಬಿಡದೆ, ತಾಟನ್ನು ವೈದ್ಯನಿಂದ ಮರೆಮಾಡದೆ ನಡೆಯಬೇಕು. ನಮ್ಮ ಹಿರಿಯರೂ ಉಂಡು ನೋಡಿ, ಮೈಗೆ ಒಗ್ಗದುದನ್ನು ಬಿಟ್ಟು, ಒಗ್ಗಿದುದನ್ನು ಮಕ್ಕಳಿಗೆ ಕಲಿಸಿದವರು. ಅವರ ಆ ಪರೀಕ್ಷಕ ಬುದ್ಧಿಯನ್ನು ಮುಂದುವರಿಸುವುದೇ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.