ಅಧ್ಯಾಪಕರ ಸಂಬಳ: ದಯೆಯೋ, ಸಲ್ಲಬೇಕಾದ ಬಾಕಿಯೋ?



ಶಾಲೆ ತೆರೆಯುವ ದಿನ ಹತ್ತಿರವಾದಂತೆ ನಮ್ಮೆಲ್ಲರ ಮನೆಗಳಲ್ಲೂ ಫೀಸು, ಪುಸ್ತಕ, ಯೂನಿಫಾರ್ಮು, ಬಸ್ಸು ಎಂದು ಲೆಕ್ಕ ನಡೆಯುತ್ತದೆ. ಆ ಲೆಕ್ಕದಲ್ಲಿ ಒಂದು ಪ್ರಶ್ನೆ ಮಾತ್ರ ಬಹಳ ಅಪರೂಪ. ನಮ್ಮ ಮಕ್ಕಳಿಗೆ ಪಾಠ ಹೇಳುವ ಅಧ್ಯಾಪಕರ ಕೈಗೆ ತಿಂಗಳ ಕೊನೆಯಲ್ಲಿ ಎಷ್ಟು ಬರುತ್ತದೆ? ಅದರಿಂದ ಒಂದು ಸಂಸಾರ ನಡೆಯುತ್ತದೆಯೇ? ಇಷ್ಟಾದರೂ ಕೊಡಲೇಬೇಕೆಂದು ಕಾನೂನು ಗೆರೆ ಎಳೆಯಬೇಕೇ, ಅಥವಾ ಅದನ್ನು ಶಾಲೆ ನಡೆಸುವವರ ಮನಸ್ಸಾಕ್ಷಿಗೆ ಬಿಡಬೇಕೇ? ಶಾಲೆಗಳನ್ನು ಕಟ್ಟಿ ಬೆಳೆಸಿದ ಸಮುದಾಯ ನಮ್ಮದು. ಬೇರೆಯವರು ಕೇಳುವ ಮೊದಲು ಈ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು.

ಕೇರಳದ ಉಳಿದೆಡೆಗಳಂತೆ ನಮ್ಮ ಕಾಸರಗೋಡಿನಲ್ಲೂ ಮೂರು ಬಗೆಯ ಶಾಲೆಗಳಿವೆ: ಸರಕಾರಿ, ಎಯ್ಡೆಡ್, ಅನ್‌ಎಯ್ಡೆಡ್. ಮೊದಲ ಎರಡರಲ್ಲಿ ಖಾಯಂ ಅಧ್ಯಾಪಕರ ಸಂಬಳವನ್ನು ಸರಕಾರವೇ ನಿಗದಿಪಡಿಸಿ ಕೊಡುತ್ತದೆ. ಮೂರನೆಯದರಲ್ಲಿ ಆಡಳಿತ ಮಂಡಳಿ ಕೊಟ್ಟದ್ದೇ ಸಂಬಳ. ಒಂದೇ ತರಬೇತಿ ಪಡೆದ ಇಬ್ಬರು ಗೆಳತಿಯರಲ್ಲಿ ಒಬ್ಬಳು ಎಯ್ಡೆಡ್ ಶಾಲೆಗೆ, ಇನ್ನೊಬ್ಬಳು ಅನ್‌ಎಯ್ಡೆಡ್ ಶಾಲೆಗೆ ಸೇರಿದರೆ, ಕೆಲಸ ಒಂದೇ ಆದರೂ ಬದುಕು ಎರಡು ದಾರಿ ಹಿಡಿಯುತ್ತದೆ.

ಎಯ್ಡೆಡ್ ಶಾಲೆಯ ಅಧ್ಯಾಪಕರಿಗೆ ಈ ಭದ್ರತೆ ತಾನಾಗಿ ಬಂದದ್ದಲ್ಲ. ಹಿಂದೆ ಸರಕಾರದ ಗ್ರಾಂಟು ಮ್ಯಾನೇಜರರ ಕೈಗೆ ಬರುತ್ತಿತ್ತು. ಪುಸ್ತಕದಲ್ಲಿ ಬರೆದ ಮೊತ್ತಕ್ಕೆ ಸಹಿ ಹಾಕಿ, ಅದಕ್ಕಿಂತ ಕಡಿಮೆ ಹಣ ಪಡೆದು ಮನೆಗೆ ಹೋದ ಅಧ್ಯಾಪಕರ ಕತೆಗಳು ನಮ್ಮ ಹಿರಿಯರಿಗೆ ಹೊಸತಲ್ಲ. 1957ರಲ್ಲಿ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿಯವರು ಕೇರಳ ಶಿಕ್ಷಣ ಮಸೂದೆಯನ್ನು ತಂದರು. ಅವರೂ ತ್ರಿಶೂರಿನ ಕಥೋಲಿಕ ಕಾಲೇಜೊಂದರಲ್ಲಿ ಮಲಯಾಳಂ ಕಲಿಸಿದ್ದವರೇ. ಎಯ್ಡೆಡ್ ಶಾಲೆಗಳ ಅಧ್ಯಾಪಕರಿಗೆ ಸರಕಾರವೇ ಸಂಬಳ ಕೊಡಬೇಕೆಂಬುದು ಆ ಮಸೂದೆಯ ಒಂದು ಮುಖ್ಯ ಅಂಶವಾಗಿತ್ತು.

ಮುಂದೆ ನಡೆದದ್ದು ಇತಿಹಾಸ. ಕೇರಳದ ಧರ್ಮಸಭೆ ಮಸೂದೆಯನ್ನು ಬಲವಾಗಿ ವಿರೋಧಿಸಿತು. ಅಧ್ಯಾಪಕರನ್ನು ಆರಿಸುವ ಹಕ್ಕು ಕೈತಪ್ಪುತ್ತದೆ, ಶಾಲೆಯನ್ನೇ ಸರಕಾರ ವಶಪಡಿಸಿಕೊಳ್ಳಬಹುದು ಎಂಬ ಭಯವಿತ್ತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. 1958ರ ಮೇ ತಿಂಗಳಲ್ಲಿ ಬಂದ ಅಭಿಪ್ರಾಯದಲ್ಲಿ, ಶಾಲೆಯನ್ನು ವಶಪಡಿಸಿಕೊಳ್ಳುವ ಕಲಮುಗಳು ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆ ತರುತ್ತವೆ ಎಂದು ಕೋರ್ಟು ಹೇಳಿತು. ಆದರೆ ಸಂಬಳದ ಕಲಮು ಉಳಿಯಿತು. ಶಾಲೆ ನಡೆಸುವ ಹಕ್ಕೆಂದರೆ ಅದನ್ನು ಕೆಟ್ಟದಾಗಿ ನಡೆಸುವ ಹಕ್ಕಲ್ಲ ಎಂಬ ಮಾತೂ ಅದೇ ಅಭಿಪ್ರಾಯದಲ್ಲಿದೆ. ತಿದ್ದುಪಡಿಯಾದ ಕಾಯ್ದೆ 1959ರ ಜೂನ್ 1ರಂದು ಜಾರಿಗೆ ಬಂತು. ವಿಮೋಚನಾ ಸಮರ ನಡೆದು ಜುಲೈ 31ರಂದು ಸರಕಾರ ವಜಾ ಆಯಿತು. ಸರಕಾರ ಹೋಯಿತು, ಸಂಬಳದ ನಿಯಮ ಹೋಗಲಿಲ್ಲ. ಇಂದು ನಮ್ಮ ಎಯ್ಡೆಡ್ ಶಾಲೆಗಳ ಅಧ್ಯಾಪಕರು ಅದೇ ನಿಯಮದ ನೆರಳಿನಲ್ಲಿದ್ದಾರೆ.

ಶಾಲೆಯ ಸ್ವಾತಂತ್ರ್ಯಕ್ಕಾಗಿ ಹೋರಾಡುವುದು ತಪ್ಪಲ್ಲ. ಆದರೆ ಶಾಲೆಯ ಸ್ವಾತಂತ್ರ್ಯ ಬೇರೆ, ಅಧ್ಯಾಪಕರ ಅನ್ನ ಬೇರೆ. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಕಡಿಮೆ ಮಾಡಲಾಗದು. ಅನ್‌ಎಯ್ಡೆಡ್ ಶಾಲೆಗಳ ವಿಷಯದಲ್ಲೂ ಇದೇ ಪ್ರಶ್ನೆ 1986ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಖಾಸಗಿ ಶಾಲೆಯ ಅಧ್ಯಾಪಕರಿಗೆ ಸರಕಾರಿ ಶಾಲೆಯಷ್ಟೇ ಸಂಬಳ ಕೊಡಬೇಕೆಂದು 1973ರ ದೆಹಲಿಯ ಶಿಕ್ಷಣ ಕಾಯ್ದೆ ಹೇಳಿತ್ತು. ಅನುದಾನವಿಲ್ಲದ ಅಲ್ಪಸಂಖ್ಯಾತ ಶಾಲೆಗಳಿಗೆ ಮಾತ್ರ ಅದರಿಂದ ವಿನಾಯಿತಿ ಇತ್ತು. ಆ ವಿನಾಯಿತಿ ನ್ಯಾಯವಲ್ಲ, ಅಧ್ಯಾಪಕರಿಗೆ ಸರಿಯಾದ ಸಂಬಳ ಕೊಟ್ಟರೆ ಅಲ್ಪಸಂಖ್ಯಾತರ ಹಕ್ಕಿಗೆ ಯಾವ ಕೊರತೆಯೂ ಆಗುವುದಿಲ್ಲ ಎಂದು ಕೋರ್ಟು ತೀರ್ಪಿತ್ತಿತು.

ಆದರೂ ಕಾನೂನಿನ ಛತ್ರಿಯಲ್ಲಿ ತೂತುಗಳು ಬಹಳ. ಗೋವಾದ ಒಬ್ಬ ಅಧ್ಯಾಪಿಕೆಯ ಪ್ರಕರಣದಲ್ಲಿ, ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಅಧ್ಯಾಪಕರು ಕಾರ್ಮಿಕರಲ್ಲ ಎಂದು 1988ರಲ್ಲಿ ತೀರ್ಪಾಯಿತು. 1948ರ ಕನಿಷ್ಠ ವೇತನ ಕಾಯ್ದೆಯೂ ಅವರಿಗೆ ಅನ್ವಯಿಸದು ಎಂದು 1996ರಲ್ಲಿ ತೀರ್ಪು ಬಂತು. ಗುಮಾಸ್ತನಿಗೆ ಸಿಗುವ ರಕ್ಷಣೆ ಗುರುವಿಗೆ ಸಿಗಲಿಲ್ಲ. ಗ್ರಾಚ್ಯುವಿಟಿ ಸಹ ಅವರಿಗೆ ಖಚಿತವಾದದ್ದು 2009ರ ತಿದ್ದುಪಡಿಯಿಂದ. ಶಾಲೆಗಳು ಅದನ್ನು ಪ್ರಶ್ನಿಸಿದಾಗ 2022ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸರಕಾರವೂ ಈ ಪ್ರಶ್ನೆಯಿಂದ ಹೊರಗಿಲ್ಲ. ಖಾಲಿ ಹುದ್ದೆಗಳನ್ನು ತುಂಬದೆ ದಿನಗೂಲಿಯ ಮೇಲೆ ಅಧ್ಯಾಪಕರನ್ನು ಇಟ್ಟುಕೊಳ್ಳುವುದು ಸರಕಾರಿ ಶಾಲೆಗಳಲ್ಲೂ ಇದೆ. ಒಂದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಖಾಯಂ ನೌಕರರ ಶ್ರೇಣಿಯ ಕನಿಷ್ಠ ಸಂಬಳವಾದರೂ ಸಲ್ಲಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಇಲ್ಲಿ ಕೆಲವು ಆಕ್ಷೇಪಗಳು ಬರುತ್ತವೆ. ಅವುಗಳನ್ನು ತಳ್ಳಿಹಾಕದೆ ಕೇಳೋಣ.

“ಪಾಠ ಹೇಳುವುದು ಸೇವೆ, ಅದನ್ನು ದುಡ್ಡಿನಲ್ಲಿ ಅಳೆಯಬಾರದು” ಎನ್ನುತ್ತಾರೆ. ನಿಜ, ಅದು ಸೇವೆ. ನಮ್ಮ ಧರ್ಮಭಗಿನಿಯರು ಬಡತನದ ವ್ರತ ತೊಟ್ಟು ತಮ್ಮ ಸಂಬಳವನ್ನು ಸಭೆಗೆ ಒಪ್ಪಿಸಿ ತಲೆಮಾರುಗಳಿಗೆ ಅಕ್ಷರ ಕಲಿಸಿದ್ದಾರೆ. ಆದರೆ ವ್ರತ ತೊಡುವವರು ಸ್ವಂತ ಮನಸ್ಸಿನಿಂದ ತೊಡಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಬಡತನದ ವ್ರತ ತೊಡಿಸಲಾಗದು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಶಾಲೆಗೆ ಹೋಗುವ ಮಕ್ಕಳು, ಬ್ಯಾಂಕಿನ ಸಾಲ ಇರುವ ಅಧ್ಯಾಪಿಕೆಯಿಂದ ಅದನ್ನು ಅಪೇಕ್ಷಿಸುವುದು ಸೇವೆಯಲ್ಲ.

“ಒಪ್ಪಿಕೊಂಡೇ ಕೆಲಸಕ್ಕೆ ಬಂದಿದ್ದಾರಲ್ಲ?” ಎನ್ನುತ್ತಾರೆ. ಇದಕ್ಕೆ ಪೋಪ್ 13ನೇ ಲಿಯೋ 1891ರಲ್ಲೇ ತಮ್ಮ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ಉತ್ತರಿಸಿದ್ದಾರೆ. ಇಬ್ಬರ ಒಪ್ಪಂದಕ್ಕಿಂತಲೂ ಹಳೆಯದಾದ ಒಂದು ನ್ಯಾಯವಿದೆ. ದುಡಿಯುವವನ ಮಿತವಾದ ಜೀವನಕ್ಕಾದರೂ ಸಂಬಳ ಸಾಲಬೇಕು. ಬೇರೆ ದಾರಿ ಕಾಣದೆ ಕಡಿಮೆಗೆ ಒಪ್ಪಿದವನು ಬಲಾತ್ಕಾರಕ್ಕೆ ಒಳಗಾದವನು ಎಂಬುದು ಅಲ್ಲಿನ ಸಾರ. ಹಾಗಾದರೆ ಸಂಬಳ ದಯೆಯಲ್ಲ, ಬಾಕಿ. ದಯೆಯನ್ನು ಕಾನೂನು ಬಲವಂತ ಮಾಡಲಾಗದು, ಬಾಕಿಯನ್ನು ಮಾಡಬಹುದು, ಮಾಡಬೇಕು.

ಮೂರನೆಯ ಆಕ್ಷೇಪ ಗಂಭೀರವಾದದ್ದು: “ಕಾನೂನು ಮಾಡಿದರೆ ಸಣ್ಣ ಶಾಲೆಗಳು ಮುಚ್ಚುತ್ತವೆ.” ಗಡಿನಾಡಿನ ನಮಗೆ ಇದು ಬರೀ ವಾದವಲ್ಲ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳಂ ಆಡುವ ನಮಗೆ ಕನ್ನಡವನ್ನು ಉಳಿಸಿಕೊಟ್ಟದ್ದು ಶಾಲೆ. ಆದರೆ ಬದುಕಲು ಸಾಲುವಷ್ಟು ಸಂಬಳವಿಲ್ಲದಿದ್ದರೆ ಕನ್ನಡದಲ್ಲಿ ಅಧ್ಯಾಪಕ ತರಬೇತಿಗೆ ನಮ್ಮ ಯಾವ ಮಗ, ಯಾವ ಮಗಳು ಹೋಗುತ್ತಾರೆ? ಅಧ್ಯಾಪಕರಿಲ್ಲದ ಶಾಲೆಯೂ ಮುಚ್ಚಿದ ಶಾಲೆಯೇ. ಆದ್ದರಿಂದ ಸಂಬಳದ ಗೆರೆ ಎಳೆಯುವ ಕಾನೂನು, ಆ ಹಣ ಎಲ್ಲಿಂದ ಬರಬೇಕೆಂಬುದನ್ನೂ ಹೇಳಬೇಕು. 1958ರಲ್ಲಿ ಕೋರ್ಟು ಇದನ್ನೂ ಗಮನಿಸಿತ್ತು. ನಷ್ಟ ತುಂಬಿಕೊಡದೆ ಪ್ರಾಥಮಿಕ ತರಗತಿಗಳ ಫೀಸು ನಿಲ್ಲಿಸಿದರೆ ಅಲ್ಪಸಂಖ್ಯಾತ ಶಾಲೆಗಳು ಉಳಿಯವು ಎಂದು ಅದು ಆ ಕಲಮನ್ನು ಒಪ್ಪಲಿಲ್ಲ. ಕಾನೂನು ಬರೀ ಆಜ್ಞೆ ಮಾಡಿ ಕೈತೊಳೆದುಕೊಂಡರೆ ಸಣ್ಣ ಶಾಲೆ ಸಾಯುತ್ತದೆ. ಕಾನೂನೇ ಇಲ್ಲದಿದ್ದರೆ ಶಾಲೆಯ ಕೊರತೆಯನ್ನೆಲ್ಲ ಅಧ್ಯಾಪಕರೇ ಹೊರುತ್ತಾರೆ. ಕೊರತೆಯನ್ನು ಹೊರಬೇಕಾದವರು ಸರಕಾರ, ಆಡಳಿತ ಮಂಡಳಿ ಮತ್ತು ನಾವು ಎಲ್ಲರೂ. ಪೋಪ್ 2ನೇ ಜಾನ್ ಪೌಲ್ 1981ರ ತಮ್ಮ ಪರಿಪತ್ರದಲ್ಲಿ ನೇರ ಮಾಲೀಕನ ಜೊತೆಗೆ ಪರೋಕ್ಷ ಮಾಲೀಕನ ಹೊಣೆಯನ್ನೂ ನೆನಪಿಸಿದ್ದಾರೆ. ಫೀಸು ಕಟ್ಟುವ ತಂದೆತಾಯಿಗಳಿಗೂ ಆ ಮಾತಿನ ಒಂದು ಪಾಲು ಸಲ್ಲುತ್ತದೆ.

ಕಾನೂನು ಎಲ್ಲವನ್ನೂ ಸರಿಪಡಿಸುತ್ತದೆಂದೂ ತಿಳಿಯಬಾರದು. ಸಂಬಳ ಖಚಿತವಾದ ಮೇಲೆ ಹುದ್ದೆಗೇ ಬೆಲೆ ಕಟ್ಟುವ ಪದ್ಧತಿ ಕೇರಳದಲ್ಲಿ ಗುಟ್ಟಾಗಿ ಉಳಿದಿಲ್ಲ. ಮ್ಯಾನೇಜರರು ನೇಮಿಸಿದರೂ ಶಿಕ್ಷಣಾಧಿಕಾರಿಯ ಅನುಮೋದನೆ ಬಾರದೆ ಸಂಬಳ ಸಿಗುವುದಿಲ್ಲ. ಹೀಗೆ ವರ್ಷಗಟ್ಟಲೆ ಬರಿಗೈಯಲ್ಲಿ ಪಾಠ ಮಾಡಿದವರಿದ್ದಾರೆ. ಬಡ ಕೂಲಿಗಾರನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ಆಜ್ಞಾಪಿಸುತ್ತದೆ. ಸಂಬಳ ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ನ್ಯಾಯದ ಪ್ರಶ್ನೆ.

ದ್ರಾಕ್ಷಿತೋಟದ ಸಾಮತಿ ನಮಗೆಲ್ಲ ಗೊತ್ತು. ಕಡೆಯ ಗಳಿಗೆಯಲ್ಲಿ ಬಂದವನಿಗೂ ಯಜಮಾನ ಇಡೀ ದಿನದ ಕೂಲಿ ಕೊಟ್ಟ. ಅವನ ಔದಾರ್ಯವನ್ನು ನಾವು ಕೊಂಡಾಡುತ್ತೇವೆ. ಆದರೆ ಆ ತೋಟದಲ್ಲಿ ಯಾರೊಬ್ಬನೂ ಒಂದು ದಿನದ ಬದುಕಿಗೆ ಬೇಕಾದ ನಾಣ್ಯಕ್ಕಿಂತ ಕಡಿಮೆ ಪಡೆದು ಮನೆಗೆ ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು. ಕಾನೂನು ಆ ಒಂದು ನಾಣ್ಯವನ್ನು ಕಾಯಲಿ. ಅದಕ್ಕಿಂತ ಮೇಲಿನದ್ದು ನಮ್ಮ ಹೃದಯಕ್ಕೆ ಬಿಟ್ಟದ್ದು.

ಈ ವರ್ಷ ರಕ್ಷಕ-ಶಿಕ್ಷಕ ಸಭೆಗೆ ಹೋದಾಗ ಫೀಸು ಏಕೆ ಏರಿತು ಎಂದು ಕೇಳುವುದರ ಜೊತೆಗೆ, ಏರಿದ ಫೀಸಿನಲ್ಲಿ ಅಧ್ಯಾಪಕರ ಪಾಲೆಷ್ಟು ಎಂದೂ ಕೇಳೋಣ. ಶಾಲೆಯ ಹೊಸ ಕಟ್ಟಡಕ್ಕೆ ವಂತಿಗೆ ಎತ್ತುವಾಗ, ಹಳೆಯ ಕಟ್ಟಡದೊಳಗೆ ನಿಂತು ಪಾಠ ಹೇಳುವವರ ಸಂಬಳ ಸರಿಯಿದೆಯೇ ಎಂದು ಪಾಲನಾ ಮಂಡಳಿಯಲ್ಲಿ ವಿಚಾರಿಸೋಣ. ಉತ್ತರ ಕೊಡುವವರನ್ನು ಕಟಕಟೆಯಲ್ಲಿ ನಿಲ್ಲಿಸುವುದಕ್ಕಲ್ಲ; ಹಣ ಸಾಲದಿದ್ದರೆ ಅದನ್ನು ಹೊಂದಿಸುವ ಕೆಲಸಕ್ಕೆ ನಾವೂ ಹೆಗಲು ಕೊಡುವುದಕ್ಕೆ.