ಕಂಡವರ ಮಾತು

ಬೆಂಗಳೂರಿನ ವಿಮಾನಪುರದ ಕಡೆಯಿಂದ ಹಳೇ ಮದ್ರಾಸ್ ರಸ್ತೆಗೆ ಹೋಗುವ ದಾರಿಗೆ ಸುರಂಜನ್ ದಾಸ್ ಹೆಸರಿದೆ. 1961ರ ಜೂನ್‌ನಲ್ಲಿ ಎಚ್‌ಎಎಲ್‌ನ ‘ಮಾರುತ್’ ಯುದ್ಧವಿಮಾನವನ್ನು ಮೊದಲ ಸಲ ಹಾರಿಸಿದ ಟೆಸ್ಟ್ ಪೈಲಟ್ ಅವರು. 1970ರಲ್ಲಿ ಅದೇ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿ ಪ್ರಾಣ ಬಿಟ್ಟರು.

ಟೆಸ್ಟ್ ಪೈಲಟ್ ಇಳಿದು ಬಂದು ಹೇಳುತ್ತಾನೆ: ಈ ವೇಗಕ್ಕೆ ರೆಕ್ಕೆ ಅದುರಿತು, ಈ ತಿರುವಿನಲ್ಲಿ ಹಿಡಿತ ಸಡಿಲವಾಯಿತು. ಕೆಳಗಿದ್ದ ಎಂಜಿನಿಯರುಗಳು ಆ ಮಾತನ್ನು ನಂಬಿ ಮುಂದಿನ ಕೆಲಸಕ್ಕೆ ಕೈಹಾಕುತ್ತಾರೆ. ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಗೌತಮರ ನ್ಯಾಯಸೂತ್ರ ಅರಿವಿನ ದಾರಿಯೆಂದು ಒಪ್ಪುವ ನಾಲ್ಕನೆಯ ಪ್ರಮಾಣ ಇದೇ, ಶಬ್ದ. ಅಂದರೆ ಆಪ್ತನ ಮಾತು. ಆಪ್ತ ಯಾರು? ಆ ಸೂತ್ರಗಳಿಗೆ ವಾತ್ಸ್ಯಾಯನರು ಬರೆದ ಭಾಷ್ಯ ಎರಡು ಷರತ್ತು ಹಾಕುತ್ತದೆ. ವಿಷಯವನ್ನು ತಾನೇ ಕಂಡು ತಿಳಿದಿರಬೇಕು. ಕಂಡದ್ದನ್ನು ಕಂಡ ಹಾಗೆ ಹೇಳುವ ಮನಸ್ಸಿರಬೇಕು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ, ಅಂದರೆ ಹೊರಗಿನವನಿಗೂ, ಈ ಲಕ್ಷಣ ಒಂದೇ ಎಂದೂ ಅಲ್ಲೇ ಹೇಳಿದೆ. ಅಷ್ಟು ಹಿಂದೆಯೇ ಇಂಥ ಮಾತು ಬರೆದಿಟ್ಟರಲ್ಲ ಎಂದು ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಾರುತ್‌ನ ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ ಕೂಡ ಹೊರಗಿನವರೇ, ಜರ್ಮನಿಯವರು. ಅವರ ಮಾತಿಗೆ ಇಲ್ಲಿ ಬೆಲೆ ಬಂದದ್ದು ತಿಳಿವಳಿಕೆಯಿಂದ.

ಇದೇ ಬೆಂಗಳೂರಿನಲ್ಲಿ ಇನ್ನೊಂದು ವಿಮಾನದ ಮಾತೂ ಉಂಟು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ ಭರದ್ವಾಜ ಮಹರ್ಷಿಗಳದ್ದೆಂದು ಪ್ರಸಿದ್ಧವಾಯಿತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ಪರೀಕ್ಷಿಸಿದರು. ಓದದೆ ತಳ್ಳಿಹಾಕಲಿಲ್ಲ. ಭಾಷೆ, ಛಂದಸ್ಸು ನೋಡಿದರು, ಹಸ್ತಪ್ರತಿಗಳ ಜಾಡು ಹಿಡಿದರು, ಚಿತ್ರಗಳ ಅಳತೆ ಹಿಡಿದು ಲೆಕ್ಕ ಹಾಕಿದರು. ಗ್ರಂಥ ಇಪ್ಪತ್ತನೆಯ ಶತಮಾನದ್ದು, ಅದರಲ್ಲಿರುವ ಯಾವ ವಿಮಾನವೂ ಹಾರದು ಎಂಬ ತೀರ್ಮಾನಕ್ಕೆ ಬಂದರು.

ಇದರಿಂದ ಪರಂಪರೆಗೆ ಅವಮಾನವಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೇಳುವವರ ಸಜ್ಜನಿಕೆಯೊಂದೇ ಅವರನ್ನು ಆಪ್ತರನ್ನಾಗಿ ಮಾಡದು. ಕಂಡಿದ್ದಾರೆಯೇ ಎಂದು ಕೇಳಲೇಬೇಕು. ಹಾಗೆ ಕೇಳಿದ ಆ ಐವರೇ ಗೌತಮರ ನಿಜವಾದ ವಾರಸುದಾರರು.

ನಾವೂ ದಿನಾ ಬೆಳಗಾದರೆ ಮೊಬೈಲಿನಲ್ಲಿ ಹತ್ತಾರು ಮಾತು ಮುಂದಕ್ಕೆ ದಾಟಿಸುತ್ತೇವೆ. ಔಷಧಿಯದ್ದು, ಜಾತಿಯದ್ದು, ನೆರೆಯವರದ್ದು. ನಮ್ಮನ್ನು ಆಪ್ತರೆಂದು ನಂಬಿಯೇ ಇನ್ನೊಬ್ಬರು ಅದನ್ನು ಓದುತ್ತಾರೆ. ಕಳಿಸುವ ಮೊದಲು ವಾತ್ಸ್ಯಾಯನರ ಆ ಎರಡು ಷರತ್ತನ್ನು ನಮಗೇ ಹಾಕಿಕೊಳ್ಳೋಣ.